ವರ್ಡೆಲಮ್ಮನ ಮಗನ ಎಡಗೈ

೧

ಎಲ್ಲಿಂದ ಶುರು ಮಾಡಲಿ? ಹುಟ್ಟಿನಿಂದ ಎಂದರೆ ನೀವು ಆಕಳಿಸುತ್ತೀರಿ. ಸಾವಿನಿಂದ ಎಂದರೆ, ಊರನ್ನೆಲ್ಲ ಕುಣಿಸಿದವನ ಕಥೆಯನ್ನು ಹೆಣದ ಪಕ್ಕ ಕೂತು ಹೇಳಿದ ಹಾಗಾಗುತ್ತದೆ. ಮೊದಲ ಡ್ರಾಫ್ಟಿನಲ್ಲಿ ರೈಲು ತಂದಿದ್ದೆ. ತಾಯಿ-ಮಗ ಮಿಸಿಸಿಪಿಯಿಂದ ಷಿಕಾಗೋಗೆ ಬಂದ ರೈಲು, ಅದರ ಚಕ್ರದ ಸದ್ದೇ ಮುಂದೆ ಮಗನ ಎಡಗೈಯಲ್ಲಿ ಉರುಳಿತು, ಇತ್ಯಾದಿ. ಓದಿಕೊಂಡಾಗ ನನಗೇ ನಾಚಿಕೆಯಾಯಿತು. ಬೂಗಿ-ವೂಗಿ ಎಂಬ ಕುಣಿತದ ಪಿಯಾನೋ ಬಾರಿಸುವವರ ಬಗ್ಗೆ ಬರೆಯುವ ಪ್ರತಿಯೊಬ್ಬನೂ ಎಲ್ಲಿಂದಲೋ ಒಂದು ರೈಲು ಹಿಡಿದು ತರುತ್ತಾನೆ.

"ನಾವು ಬಂದಿದ್ದು ಲಾರೀಲಿ ಕಣಯ್ಯ," ಎಂದ ಆ ಮಗ, ನಮ್ಮ ಬೀದಿಯ ರಾಸ್ಕೋ ಮಾಮ. "ಕೋಳಿ ಬುಟ್ಟಿಗಳ ಮಧ್ಯೆ. ಬೇಕಾದ್ರೆ ಕೋಳಿ ಸದ್ದು ಬರ್ಕೋ."

(ಈತ ಸತ್ತು ಎಷ್ಟೋ ವರ್ಷವಾಯಿತು. ಆದರೂ ನಾನು ಪೆನ್ನು ಹಿಡಿದರೆ ಸಾಕು, ಬಂದು ಕೂರುತ್ತಾನೆ. ನಮ್ಮ ಬೀದಿಯವರು ಕರೆದರೇ ಬರುತ್ತೇವೆ ಎಂದು ಕಾಯುವ ಜಾತಿಯಲ್ಲ.)

೨

ಅವಸರದವರಿಗೆ ಇಡೀ ಜೀವನ ಒಂದೇ ಪ್ಯಾರಾದಲ್ಲಿ: ರಾಸ್ಕೋ ಟಿಬ್ಸ್, ಷಿಕಾಗೋದ ಕರಿಯರ ಕೇರಿ ಸೌತ್ ಸೈಡ್. ವಾರವೆಲ್ಲ ಟ್ಯಾಕ್ಸಿ, ಶನಿವಾರ ಬಾಡಿಗೆ ಪಾರ್ಟಿ. ಯಾರಿಗೆ ಆ ತಿಂಗಳ ಬಾಡಿಗೆ ಕಷ್ಟವೋ ಅವರ ಮನೆಯಲ್ಲಿ ಕರಿದ ಮೀನು, ಕಳ್ಳಭಟ್ಟಿ, ಮೂಲೆಯಲ್ಲಿ ಮಾಮನ ಪಿಯಾನೋ; ಬಂದವರು ಕೊಟ್ಟ ಕಾಸು ಬಾಡಿಗೆಗೆ. ಅವನ ಎಡಗೈ ಒಂದೇ ವರಸೆಯನ್ನು ಬಿಡದೆ ಉರುಳಿಸುತ್ತಿತ್ತು, ಬಲಗೈ ಅದರ ಮೇಲೆ ಮನಸ್ಸಿಗೆ ಬಂದ ತುಂಟಾಟ ಆಡುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಬಿಳಿಯರಿಗೆ ಬೂಗಿ-ವೂಗಿಯ ಹುಚ್ಚು ಹಿಡಿಯಿತು. ನ್ಯೂಯಾರ್ಕು, ರೇಷ್ಮೆ ಟೈ, ನಾಲ್ಕು ರೆಕಾರ್ಡು. ಬಂದಷ್ಟೇ ಬೇಗ ಹುಚ್ಚು ಇಳಿಯಿತು. ಮತ್ತೆ ಟ್ಯಾಕ್ಸಿ.

"ಇಷ್ಟೇನಾ?" ಎಂದ ಮಾಮ.

"ಇನ್ನೇನು ಬೇಕಿತ್ತು?"

"ಟೈ ಬಗ್ಗೆ ಇನ್ನೊಂದೆರಡು ಸಾಲು ಬರೀಬಹುದಿತ್ತು."

೪

(ಮೂರು ಎಲ್ಲಿ ಎಂದು ಕೇಳಬೇಡಿ. ಅದರಲ್ಲೊಬ್ಬ ಗಾಯಕಿ ಇದ್ದಳು. ಅವಳನ್ನು ನಾನು ಹುಟ್ಟಿಸಿದೆ, ಮಾಮ ಓಡಿಸಿದ.)

ಈಗ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಷಿಕಾಗೋ ಕೇಳಿದ, ನ್ಯೂಯಾರ್ಕ್ ಕೇಳಿದ ಆ ಎಡಗೈಯನ್ನು ಒಬ್ಬರು ಮಾತ್ರ ಕೇಳಿರಲಿಲ್ಲ. ಅವನ ತಾಯಿ ವರ್ಡೆಲಮ್ಮ. ಕಂಡವರ ಬಟ್ಟೆ ಇಸ್ತ್ರಿ ಮಾಡಿ ಮಗನನ್ನು ಸಾಕಿದಾಕೆ. ಚರ್ಚಿನಲ್ಲಿ ಮೊದಲ ಸಾಲು, ಬಿಳಿ ಗ್ಲೌಸು, ಯಾರೂ ಎದುರಾಡದ ಮಾತು. ಆಕೆಯ ಪಾಲಿಗೆ ಬೂಗಿ-ವೂಗಿ ಸೈತಾನನ ಕೆಲಸ. ಮಗನ ರೆಕಾರ್ಡುಗಳು ಮನೆಯಲ್ಲಿದ್ದವು, ಆದರೆ ಒಂದನ್ನೂ ಹಾಕಲಿಲ್ಲ.

ಮಾಮ ನ್ಯೂಯಾರ್ಕಿನಿಂದ ಬರಿಗೈಯಲ್ಲಿ ಮರಳಿದ ವರ್ಷ, ಅಮ್ಮಂದಿರ ದಿನದ ಆರಾಧನೆಯ ಹೊತ್ತಿಗೆ ಸರಿಯಾಗಿ, ಚರ್ಚಿನ ಪಿಯಾನೋದಾಕೆ ಜಾರಿಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. "ನನ್ನ ಮಗ ಬಾರಿಸ್ತಾನೆ," ಎಂದಳು ವರ್ಡೆಲಮ್ಮ.

ಪಾದ್ರಿ ಗಂಟಲು ಸರಿಮಾಡಿಕೊಂಡರು. "ಅವನ ಬಲಗೈ ಬಗ್ಗೆ ನಂದೇನೂ ತಕರಾರಿಲ್ಲ ಸಿಸ್ಟರ್. ಆದ್ರೆ ಆ ಎಡಗೈ..."

"ಎಡಗೈಗೆ ನಾನು ಜವಾಬ್ದಾರಿ."

ಒಂದು ವಾರ ಆಕೆ ಇಸ್ತ್ರಿ ಮಾಡುತ್ತ ಮಗನ ಪಕ್ಕದಲ್ಲೇ ನಿಂತು ಚರ್ಚಿನ ಹಾಡು ಕಲಿಸಿದಳು.

"ನಿಧಾನ, ಮಗಾ. ಸತ್ತೋರೆಲ್ಲ ಎದ್ದು ಕೂರೋ ಹಾಗೆ ಬಡೀಬೇಡ."

"ಸತ್ತೋರು ಎದ್ರೆ ನಿಮ್ ಪಾದ್ರಿಗೆ ಲಾಭ ಅಲ್ವೇನಮ್ಮ?"

"ಮುಚ್ಚು ಬಾಯಿ!" ಆದರೂ ನಕ್ಕಳು. ಆಮೇಲೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಎಡಗೈ ಉರುಳ್ಸಲ್ಲ ಅಂತ ಮಾತು ಕೊಡು."

"ಕೊಟ್ಟೆ."

೫

ಭಾನುವಾರ. ತಾಯಿ ಬದುಕಿದ್ದವರ ಎದೆಗೆ ಕೆಂಪು ಹೂ, ಇಲ್ಲದವರಿಗೆ ಬಿಳಿ. ಮಾಮನ ಕೋಟಿಗೆ ಕೆಂಪು ಹೂವನ್ನು ಆಕೆಯೇ ಸಿಕ್ಕಿಸಿದಳು.

ಮೊದಲ ಎರಡು ಚರಣ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿದವು. ವರ್ಡೆಲಮ್ಮ ಅಕ್ಕಪಕ್ಕದವರ ಕಡೆ ತಿರುಗಿ, ನೋಡಿದಿರಾ ಎನ್ನುವಂತೆ ತಲೆಯಾಡಿಸಿದಳು. ಮೂರನೆಯ ಚರಣದಲ್ಲಿ ಎಡಗೈ ಉರುಳತೊಡಗಿತು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬರೆದೆ.

"ಹೊಡೆದುಹಾಕು ಅದನ್ನ," ಎಂದ ಮಾಮ. "ಕೈ ತಾನಾಗಿ ಹೋಯ್ತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದು ನಾನೇ. ಸುಳ್ಳು. ನಾನೇ ಬಿಟ್ಟಿದ್ದು. ಎಲ್ಲೆಲ್ಲಿನೋರೋ ಬಂದು ಕೇಳಿದ್ರು, ನಮ್ಮಮ್ಮನೂ ಒಂದ್ಸಲ ಕೇಳ್ಲಿ ಅನ್ನಿಸ್ತು. ಇದರಲ್ಲಿ ಸೈತಾನ ಎಲ್ಲೂ ಇಲ್ಲ ಅಂತ ಅವಳಿಗೇ ತಿಳಿಯುತ್ತೆ ಅಂದ್ಕೊಂಡೆ."

ಹಿಂದಿನ ಸಾಲಿನಲ್ಲಿ ಒಬ್ಬ ನೆಲಕ್ಕೆ ಕಾಲು ಬಡಿದ. ಹಾಡುವ ಹುಡುಗಿಯರು ಚಪ್ಪಾಳೆಯಲ್ಲಿ ತಾಳ ಹಿಡಿದರು. ಇಡೀ ಚರ್ಚು ಎದ್ದು ನಿಂತಿತು. ಪಾದ್ರಿ ವರ್ಡೆಲಮ್ಮನನ್ನೇ ನೋಡುತ್ತಿದ್ದರು. ಆಕೆಯೂ ಎದ್ದಳು, ಕೈಚೀಲ ತೆಗೆದುಕೊಂಡಳು, ಸಾಲುಗಳ ನಡುವೆ ನೆಟ್ಟಗೆ ನಡೆದು ಹೊರಗೆ ಹೋದಳು. ಮಾಮ ನೋಡಿದ. ಅಷ್ಟು ದೊಡ್ಡ ಚಪ್ಪಾಳೆ ಕೇಳಿ ಅವನಿಗೆ ಬಹಳ ಕಾಲವಾಗಿತ್ತು. ಏಳಲಿಲ್ಲ.

ನನಗೆ ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದ್ದರಿಂದ ಬೇರೆ ಅಂತ್ಯಗಳನ್ನು ಹುಡುಕುತ್ತೇನೆ.

೬ (ಅ)

ವರ್ಡೆಲಮ್ಮ ಹೊರಗೆ ಹೋದದ್ದು ಸಿಟ್ಟಿನಿಂದಲ್ಲ. ಆಕೆಯ ಪಾದವೂ ತಾಳ ಹಾಕತೊಡಗಿತ್ತು, ಯಾರಾದರೂ ನೋಡಿಯಾರು ಎಂದು ಎದ್ದುಹೋದಳು.

(ಒಪ್ಪಿಕೊಳ್ಳಿ, ಚೆನ್ನಾಗಿದೆ. ಎರಡು ಬಹುಮಾನ ಗ್ಯಾರಂಟಿ.)

"ನಮ್ಮಮ್ಮನ್ನ ಕುಣಿಸ್ಬೇಡ," ಎಂದ ಮಾಮ. ಅವನ ದನಿ ಅಷ್ಟು ಗಡುಸಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ಅವಳಿಗೆ ಸಿಟ್ಟು ಬಂದಿತ್ತು. ನನ್ನನ್ನ ನಂಬಿ ಊರ ಮುಂದೆ ಮಾತಾಡಿದ್ಲು. ಆ ಸಿಟ್ಟನ್ನಾದ್ರೂ ಅವಳಿಗೆ ಬಿಡು."

೬ (ಆ)

ಹಾಗಾದರೆ ನಡೆದದ್ದು ಇದು. ಮುಂದಿನ ಭಾನುವಾರ ವರ್ಡೆಲಮ್ಮ ಮೊದಲ ಸಾಲು ಬಿಟ್ಟು ಕೊನೆಯ ಸಾಲಿಗೆ ಹೋಗಿ ಕೂತಳು. ಹೋಗೆಂದು ಯಾರೂ ಹೇಳಿರಲಿಲ್ಲ. ಸಾಯುವವರೆಗೂ ಅಲ್ಲೇ ಕೂತಳು. ಮಾಮ ಪ್ರತಿ ಭಾನುವಾರ ಆಕೆಯ ಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ಉಣ್ಣುತ್ತಿದ್ದ. ಮಂಡಿನೋವು, ಮೊಟ್ಟೆಯ ರೇಟು, ಯಾರ ಮಗಳಿಗೆ ಯಾವ ಗಂಡು, ಎಲ್ಲ ಮಾತಾಡಿದರು. ಅದೊಂದನ್ನು ಬಿಟ್ಟು.

"ಕ್ಷಮೆ ಕೇಳ್ಬೇಕಿತ್ತು," ಎಂದ ಮಾಮ. "ಅದೂ ಆಮೇಲಿನ ಮಾತು. ಆವತ್ತು ಎದ್ದು ಅವಳ ಹಿಂದೆ ಹೋಗಿದ್ರೆ ಸಾಕಿತ್ತು."

೭

ಸರಿ. ಇದು ಕಥೆ ತಾನೇ? ಬಾಗಿಲು ನನ್ನದು, ಚರ್ಚು ನನ್ನದು. ನಾನು ಮತ್ತೆ ಬರೆಯುತ್ತೇನೆ.

ವರ್ಡೆಲಮ್ಮ ನಡೆಯುತ್ತಿದ್ದಾಳೆ. ಆಕೆಯ ಹೆಜ್ಜೆಯನ್ನು ಆದಷ್ಟು ನಿಧಾನ ಮಾಡಿದ್ದೇನೆ. ಬಾಗಿಲ ಬಳಿ ಒಬ್ಬ ಮುದುಕನನ್ನು ಅಡ್ಡ ನಿಲ್ಲಿಸಿ ಕುಶಲ ಕೇಳಿಸಿದ್ದೇನೆ. ಈಗ ಹೊರಗಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಕೈಚೀಲದಲ್ಲಿ ಏನನ್ನೋ ಹುಡುಕಲು ಹಚ್ಚಿದ್ದೇನೆ.

"ಏಳು ಮಾಮ," ಎಂದೆ. "ಇಲ್ಲಿ ಏಳಬಹುದು. ಹತ್ತು ಹೆಜ್ಜೆ ಅಷ್ಟೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

ಅವನು ಬಾಗಿಲ ಕಡೆ ನೋಡಿದ. ಕಣ್ಣು ತುಂಬಿತ್ತು. ಬೆಂಚಿನಿಂದ ಅರ್ಧ ಎದ್ದ ಕೂಡ. ಆದರೆ ಕೈಗಳು ಪಿಯಾನೋದ ಮೇಲೇ ಇದ್ದವು, ಎಡಗೈ ಉರುಳುತ್ತಲೇ ಇತ್ತು, ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಬಂದೆ ಕಣೋ," ಎಂದು ಮತ್ತೆ ಕೂತ. "ಅಮ್ಮನಿಗೆ ನಿಲ್ಲೋಕೆ ಹೇಳು. ಇದೊಂದು ಸುತ್ತು ಮುಗಿಸ್ಕೊಂಡು ಬಂದ್ಬಿಡ್ತೀನಿ."

ಆ ಸುತ್ತು ಮುಗಿಯಿತು, ಇನ್ನೊಂದು ಶುರುವಾಯಿತು. ವರ್ಡೆಲಮ್ಮ ಇನ್ನೂ ಮೆಟ್ಟಿಲ ಮೇಲಿದ್ದಾಳೆ. ಏನು ನೆಪ ಹೇಳಿ ಆಕೆಯನ್ನು ನಿಲ್ಲಿಸಿಕೊಳ್ಳಲಿ? ನಿಮಗೇನಾದರೂ ಹೊಳೆದರೆ ಬೇಗ ಹೇಳಿ.