ಬದಲಾಗದ ಅಧ್ಯಕ್ಷರು

ಬೋಳಾರದ ಮೀನುಗಾರರ ಸಂಘದ ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಯಾದವಣ್ಣ ಏಳುವ ಮಾತನ್ನೇ ಆಡಿದವರಲ್ಲ. ಭಾನುವಾರ ಮಹಾಸಭೆ, ಅಲ್ಲೇ ಹೊಸ ಅಧ್ಯಕ್ಷರ ಆಯ್ಕೆ. ತನ್ನೆದುರು ನಿಲ್ಲುವ ಗಂಡು ದೋಣಿ ತಂಗುವ ಈ ದಕ್ಕೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ ಅವರಿಗೆ. ಆದರೂ ಇರಲಿ ಎಂದು ಸಂಘಕ್ಕೊಂದು ವೆಬ್‌ಸೈಟ್ ಮಾಡಿಸಲು ಸುರತ್ಕಲ್‌ನಲ್ಲಿ ಕಂಪ್ಯೂಟರ್ ಓದಿದ ಮೋಕ್ಷಾಳನ್ನು ಕರೆಸಿದರು.

ಅವಳು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಾ ‘ಕಾನ್‌ಸ್ಟಂಟ್’ ಎಂದಳು.

"ಅದೆಂತದ್ದು?" ಎಂದರು ಯಾದವಣ್ಣ.

"ಅಂದ್ರೆ ಬದಲಾಗದ್ದು. ಅಧ್ಯಕ್ಷ ಅಂದ್ರೆ ಇಂಥವರು ಅಂತ ಮೇಲೆ ಒಂದೇ ಸಲ ಡಿಫೈನ್ ಮಾಡ್ತೇನೆ. ಎಲ್ಲ ಪುಟಕ್ಕೂ ಅದೇ ಹೆಸರು ಹೋಗ್ತದೆ. ಪ್ರೋಗ್ರಾಮ್ ಓಡುವಾಗ ಕೆಳಗೆ ಯಾರು ಬೇರೆ ಹೆಸರು ಕೊಟ್ಟರೂ ಅದು ಕೇಳುವುದಿಲ್ಲ."

"ಯಾರು ಕೊಟ್ಟರೂ?"

"ಯಾರು ಕೊಟ್ಟರೂ."

ಅಬ್ಬಬ್ಬಾ, ಆಗ ಅವರ ಮುಖ ನೋಡಬೇಕಿತ್ತು! ಹುಟ್ಟಿನಿಂದ ಬಂದ ತುಳುವೂ ಕಲಿತ ಕನ್ನಡವೂ ಕೊಡದ ಮರ್ಯಾದೆಯನ್ನು ಯಾವುದೋ ಕಂಪ್ಯೂಟರ್ ಭಾಷೆ ಕೊಟ್ಟಿತ್ತು. ಬಲೆ ಹೊಲಿಯುವ ಶೆಡ್ಡು, ಕುಡಿಯುವ ನೀರು, ಐಸ್ ಪ್ಲಾಂಟ್, ಎಲ್ಲ ಪುಟದಲ್ಲೂ ‘ಸಮಿತಿ’ ಎಂಬ ಪದ ಹೊಡೆದು ಹಾಕಿಸಿ, ‘ಅಧ್ಯಕ್ಷರಾದ ಯಾದವ ಅವರ ನೇರ ಉಸ್ತುವಾರಿಯಲ್ಲಿ’ ಎಂದು ಬರೆಸಿದರು. ತನ್ನ ಹೆಸರು ಎಲ್ಲಿ ಎಂದು ಉಪಾಧ್ಯಕ್ಷ ಯೋಗೀಶ್ ಮೆಲ್ಲಗೆ ಕೇಳಿದ.

"ನಿನ್ನದು ಬದಲಾಗುವ ಜಾತಿ ಮಾರಾಯ," ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಐಸ್ ಪ್ಲಾಂಟ್ ಕೈಕೊಟ್ಟಿತು. ಮೆಷಿನ್ ಇಂದೋ ನಾಳೆಯೋ ಎಂಬಂತಿದೆ ಎಂದು ಮೆಕ್ಯಾನಿಕ್ ರವೂಫ್ ಬಡಕೊಂಡಿದ್ದ. ಯಾದವಣ್ಣ ಕಿವಿಗೆ ಹಾಕಿಕೊಂಡಿರಲಿಲ್ಲ. ಬಂಗುಡೆ, ಬೂತಾಯಿ ಮೀನೆಲ್ಲ ಬುಟ್ಟಿಯಲ್ಲೇ ಕೆಟ್ಟವು. ಮೀನು ಮಾರುವ ಹೆಂಗಸರು ಕೆಂಡವಾದರು. ಮೊಬೈಲಿನಲ್ಲಿ ಸಂಘದ ಸೈಟ್ ತೆಗೆದು, ಉಸ್ತುವಾರಿ ಯಾರದ್ದೆಂದು ಗಟ್ಟಿಯಾಗಿ ಓದಿ ಓದಿ ಶಾಪ ಹಾಕತೊಡಗಿದರು.

ಯಾದವಣ್ಣ ಬೆವರುತ್ತಾ ಮೋಕ್ಷಾಳಿಗೆ ಫೋನ್ ಹಚ್ಚಿದರು. "ಐಸ್ ಪ್ಲಾಂಟಿನಿಂದ ನನ್ನ ಹೆಸರು ತೆಗಿ ಮಾರಾಯ್ತಿ. ಯೋಗೀಶನದ್ದು ಹಾಕು."

"ನಾನು ಕಾಟಿಪಳ್ಳದಲ್ಲಿ ಮದುವೆಗೆ ಬಂದಿದ್ದೇನೆ ಯಾದವಣ್ಣ. ಆ ಒಂದು ಪುಟ ಮಾತ್ರ ತಿದ್ದಲಿಕ್ಕೆ ಲ್ಯಾಪ್‌ಟಾಪ್ ಬೇಕು. ಮೊಬೈಲಲ್ಲಿ ಆಗುವುದು ಮೇಲಿನ ಆ ಒಂದು ಸಾಲು ಬದಲಿಸ್ಲಿಕ್ಕೆ ಮಾತ್ರ. ಬದಲಿಸಿದ್ರೆ ಎಲ್ಲ ಕಡೆ ಯೋಗೀಶಣ್ಣನೇ ಅಧ್ಯಕ್ಷ ಆಗ್ತಾರೆ."

"ಆಗಲಿ! ಸಭೆಗೆ ಮೊದಲು ನಾನೇ ಫೋನ್ ಮಾಡ್ತೇನೆ, ಆಗ ತಿರುಗಿ ಹಾಕು."

ಸೈಟಿನಲ್ಲಿ ಹೆಸರು ಬದಲಾದದ್ದು ಕಂಡದ್ದೇ ಹೆಂಗಸರು ಯೋಗೀಶನ ಅಂಗಳಕ್ಕೆ ನುಗ್ಗಿದರು. ಪಾಪ, ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಬೈಸಿಕೊಂಡ, ಕೈಮುಗಿದ, ಟೆಂಪೋ ಹತ್ತಿ ಹೋಗಿ ಬೇರೆ ಕಡೆಯಿಂದ ಐಸ್ ತಂದು ಇಳಿಸಿದ. ಇತ್ತ ಯಾದವಣ್ಣ ಪೀಡೆ ಕಳೆಯಿತೆಂದು ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದರು. ಎದ್ದಾಗ ಹೊತ್ತಾಗಿತ್ತು. ಫೋನ್ ಮಾಡುವುದನ್ನು ಮರೆತು, ಶಲ್ಯ ಹೊದ್ದು ಸಭೆಗೆ ಓಡಿದರು.

ಸಭೆಯ ದೊಡ್ಡ ಪರದೆಯಲ್ಲಿ ಸಂಘದ ಸೈಟ್ ಬೆಳಗುತ್ತಿತ್ತು: ‘ಅಧ್ಯಕ್ಷರಾದ ಯೋಗೀಶ್ ಅವರಿಂದ ಸರ್ವರಿಗೂ ಸ್ವಾಗತ’. ಜನ ಯೋಗೀಶನನ್ನು ಎಳೆದು ತಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಇನ್ನು ಇವನೇ ಇರಲಿ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಯಾದವಣ್ಣ ಬಾಗಿಲಿನಿಂದಲೇ ಕೂಗಿದರು.

"ನಿಲ್ಲಿಸಿ ಮಾರಾಯ್ರೆ! ಆ ಹೆಸರು ತಪ್ಪು! ಅಧ್ಯಕ್ಷ ನಾನು!"

ಬೆಳಿಗ್ಗೆ ಎರಡು ಬುಟ್ಟಿ ಬಂಗುಡೆ ಕಳಕೊಂಡ ದೇಯಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಹೌದಾ? ಹಾಗಾದ್ರೆ ಆ ಐಸ್ ಪ್ಲಾಂಟಿನ ಉಸ್ತುವಾರಿ ನಿಮ್ಮದೇ ಅಲ್ವಾ?"

ಸಭೆಯ ಅಷ್ಟೂ ತಲೆಗಳು ಯಾದವಣ್ಣನ ಕಡೆ ತಿರುಗಿದವು.

"ಅಲ್ಲಪ್ಪ... ಅದು ಯೋಗೀಶನದ್ದು," ಎಂದರು.

"ಮತ್ತೆ ಅಧ್ಯಕ್ಷ ಯಾರು?"

ಯಾದವಣ್ಣ ಶಲ್ಯ ತೆಗೆದು ಮುಖ ಒರೆಸಿಕೊಂಡರು.

"ಅದೂ ಅವನೇ," ಎಂದು ಕೆಳಗೆ ಕೂತರು.