ಪಡಸಾಲೆಯ ಬೆಳಕಿಂಡಿ

ಗದಗಿನ ಬಾಡಿಗೆ ಕೋಣೆಯಲ್ಲಿ ಕೊಟ್ರಬಸಪ್ಪನಿಗೆ ಕೊನೆಗೂ ಒಂದು ಕಿಟಕಿ ಸಿಕ್ಕಿತ್ತು. ಕಬ್ಬಿಣದ ಸರಳಿನ ದೊಡ್ಡ ಕಿಟಕಿ. ಅದರ ಕೆಳಗೆ ಮೇಜು, ಮೇಜಿನ ಮುಂದೆ ಬೆನ್ನು ಆನಿಸಲು ಬರುವ ಕುರ್ಚಿ. ಅದು ನಲವತ್ತೆಂಟನೇ ಇಸವಿಯ ಬೇಸಿಗೆ. ನಿಜಾಮನ ಸೀಮೆಯಲ್ಲಿ ಗದ್ದಲವೆದ್ದು, ಅಳವಂಡಿಯ ಎಷ್ಟೋ ಮಂದಿಯ ಹಾಗೆ ಅವನೂ ಗಾಡಿ ಕಟ್ಟಿಕೊಂಡು ಗಡಿ ದಾಟಿ ಬಂದಿದ್ದ. ಬರುವಾಗ ತಂದದ್ದು ಒಂದು ಟ್ರಂಕಿನ ತುಂಬ ಕಾಗದ ಮತ್ತು ಒಂದು ಸಣ್ಣ ಕೌದಿ. ಕೌದಿಯನ್ನು ಮಡಚಿ ಕುರ್ಚಿಯ ಎಡತೋಳಿಗೆ ಹಾಕಿಕೊಂಡಿದ್ದ.

ಇಂಥ ಒಂದು ಕಿಟಕಿಗಾಗಿ ಒಂದು ಕಾಲದಲ್ಲಿ ಅವನು ಮನೆಯನ್ನೇ ತಲೆಕೆಳಗು ಮಾಡಿದ್ದ. ಈಗ ಕಿಟಕಿ ಇತ್ತು, ಬರವಣಿಗೆ ಮಾತ್ರ ನಾಲ್ಕು ಸಾಲಿಗೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಅವನ ಎಡಗೈ ತಾನಾಗಿಯೇ ಕೌದಿಯ ಕಡೆ ಹೋಗುತ್ತಿತ್ತು. ಅದರ ನಟ್ಟನಡುವೆ ಒಂಬತ್ತು ಬೆರಳಗಲ ಹೊಲಿಗೆ ದಾರಿ ತಪ್ಪಿತ್ತು. ಅಲ್ಲಿ ಬೆರಳಿಟ್ಟರೆ ಸಾಕು, ಅಳವಂಡಿಯ ಪಡಸಾಲೆ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಆ ಪಡಸಾಲೆಗೆ ಕಿಟಕಿಯೇ ಇರಲಿಲ್ಲ. ಆ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಿಗೆ ಎರಡು ಮೊಳ ದಪ್ಪದ ಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು, ನೆತ್ತಿಯ ಮೇಲೆ ಒಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಮೇಲೆ ಓಡಿ ಒಂದು ಹಳೆಯ ರೊಟ್ಟಿ ಹಂಚನ್ನು ಅದರ ಬಾಯಿಗೆ ಬೋರಲು ಹಾಕಿ ಬರುತ್ತಿದ್ದರು. ಉಳಿದ ದಿನ ಅಲ್ಲಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಬೀಸುವ ಕಲ್ಲಿನ ಹತ್ತಿರ ಇದ್ದು, ಹೊತ್ತು ಏರಿದ ಹಾಗೆ ನೆಲದ ಮೇಲೆ ತೆವಳಿ, ಇಳಿಹೊತ್ತಿಗೆ ದೇವರ ಮಾಡದ ಕೆಳಗೆ ಹೋಗಿ ಆರುತ್ತಿತ್ತು. ಆ ಬಿಲ್ಲೆಯ ಹಿಂದೆಯೇ ಕಳಕಮ್ಮತ್ತೆ ತನ್ನ ಕೌದಿ ಎಳೆದುಕೊಂಡು ಸರಿಯುತ್ತಿದ್ದಳು.

ಕಳಕಮ್ಮ ಕೊಟ್ರನ ತಂದೆ ಅಂದಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ಮೂವತ್ತು ವರ್ಷ ಆ ಬೆಳಕಿನಲ್ಲೇ ಕೂತಿದ್ದಳು. ಹಳೆಯ ಸೀರೆ, ಹರಿದ ಧೋತರ, ಅಂಗಿ ಯಾವುದನ್ನೂ ಬಿಡದೆ ತುಂಡು ಮಾಡಿ, ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಇರುವೆಯ ಸಾಲಿನ ಹಾಗೆ. ಬೀಗರ ಮನೆಯ ಹೆಂಗಸರು ಕೌದಿಯನ್ನು ತಿರುವಿ ಹಿಂಬದಿ ನೋಡಿ, ಗಂಟು ಎಲ್ಲೆಂದು ಹುಡುಕಿ ಸೋಲುತ್ತಿದ್ದರು.

ಕೊಟ್ರ ಕೊಪ್ಪಳದ ಸಾಲೆಯಲ್ಲಿ ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡವನ್ನು ಅವನು ಕಲಿತದ್ದು ಈ ಬಿಲ್ಲೆಯ ಪಕ್ಕದಲ್ಲಿ. ಹತ್ತಿ ಗಾಡಿಯ ಜೊತೆ ಗದಗಿಗೆ ಹೋದವರ ಕೈಯಲ್ಲಿ ಪುಸ್ತಕ ತರಿಸಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಬಂಗಾಳಿಯಿಂದ ಬಂದವು, ಮರಾಠಿಯಿಂದ ಬಂದವು, ರಶಿಯಾದಿಂದ ಮೂರು ಭಾಷೆ ಸುತ್ತಿ ಬಂದವು. ಆ ಪುಸ್ತಕಗಳ ಮಂದಿಯ ಹೆಸರು ಅತ್ತೆಯ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವರನ್ನೆಲ್ಲ ಅವಳು ಊರಿನವರ ಹೆಸರಿನಿಂದಲೇ ಕರೆಯುತ್ತಿದ್ದಳು.

“ನಿನ್ನಿ ಆ ದುರಗಪ್ಪ ಗಾಡಿ ಹತ್ತಿದ್ನಲ್ಲ, ಹೆಂಡ್ತಿಗೆ ಕಾಗದ ಬರದ್ನೇನು?”

“ಅವನು ದುರಗಪ್ಪ ಅಲ್ಲತ್ತಿ, ಸರದಾರ ಅದಾನ.”

“ಸರದಾರ ಆದ್ರೇನು, ಹೆಂಡ್ತಿ ಹಂಗ ಕುಂತಾಳಲ್ಲ. ಓದು ಮುಂದ. ಆಮ್ಯಾಲೆ?”

ಮೂವತ್ತೊಂಬತ್ತನೇ ಇಸವಿಯ ಹೊತ್ತಿಗೆ ಅವನಿಗೆ ಇಪ್ಪತ್ತೊಂದು ವರ್ಷ. ಓದುವ ಹುಡುಗ ಬರೆಯುವವನಾಗಿದ್ದ. ಧಾರವಾಡದ ಒಂದು ಮಾಸಪತ್ರಿಕೆಗೆ ಕಥೆ ಕಳಿಸಬೇಕೆಂಬ ಹುಳ ತಲೆ ಹೊಕ್ಕಿತ್ತು. ಆದರೆ ಅವನು ಓದಿದ ಪುಸ್ತಕಗಳಲ್ಲಿ ಬರೆಯುವವರಿಗೆಲ್ಲ ಒಂದು ಕೋಣೆ ಇತ್ತು, ಮೇಜಿತ್ತು, ಕಿಟಕಿಯ ಆಚೆ ಹಿಮ ಸುರಿಯುತ್ತಿತ್ತು. ಇವನಿಗೆ ಇದ್ದದ್ದು ಅತ್ತೆಯ ಕೌದಿಯ ಒಂದು ಅಂಚು, ಮೊಣಕಾಲ ಮೇಲೆ ಒಂದು ಹಲಗೆ. ಒಂದು ದಿನ ಎರಡು ಪುಟ ಬರೆದು ಅತ್ತೆಗೆ ಓದಿದ. ಅವಳು ರೂಢಿಯಂತೆ, “ಆಮ್ಯಾಲೆ?” ಎಂದಳು.

ಆಮೇಲೆ ಏನೂ ಇರಲಿಲ್ಲ. ಅದೇ ಅವನಿಗೆ ಸಿಟ್ಟು ತರಿಸಿತು.

“ಕತಿ ಅಂದ್ರ ಬರೇ ಮುಂದೇನಾತು ಅನ್ನೂದಲ್ಲತ್ತಿ. ಈಗಿನ ಕತಿ ಬ್ಯಾರೆ ಐತಿ. ನಿನಗ ತಿಳಿಯಂಗಿಲ್ಲ, ಸುಮ್ನ ಹೊಲಿ.”

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಅವನ ಮುಖ ನೋಡಿದಳು. “ಖರೇವ ಐತಿ ತಮ್ಮಾ,” ಎಂದಳು. ಅವತ್ತಿನಿಂದ ಅವನ ಕಥೆಯ ಬಗ್ಗೆ ಅವಳು ಏನನ್ನೂ ಕೇಳಲಿಲ್ಲ.

ಆ ಬೇಸಿಗೆಯ ಕೊನೆಗೆ ಗೌಂಡಿ ನೂರಸಾಬ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಲು ಬಂದ. ಮುಂಗಾರಿನ ಮಿರ್ಗದ ಮಳೆಗೆ ಮುಂಚೆ ಎಲ್ಲ ಮನೆಗೂ ಮಾಡುವ ಕೆಲಸ. ಕೊಟ್ರ ಅವನನ್ನು ಪಡಸಾಲೆಯ ಹಿಂದಿದ್ದ ಕತ್ತಲ ಕೋಣೆಗೆ ಕರೆದೊಯ್ದ. ಮುರಿದ ಕೂರಿಗೆ, ಹಳೆಯ ನೊಗ ಬಿದ್ದಿರುವ ಕೋಣೆ.

“ನೂರಸಾಬ ಮಾಮಾ, ಈ ಗ್ವಾಡಿಗೊಂದು ಕಿಡಕಿ ಹೊಡದು ಕೊಡು.”

ಬಾಗಿಲಲ್ಲಿ ನಿಂತ ಅಂದಪ್ಪ ಮೀಸೆಯಲ್ಲೇ ನಕ್ಕ. “ಗ್ವಾಡಿ ಆಚಿಗೆ ದುರುಗವ್ವನ ಬಚ್ಚಲ ಐತಿ. ಆಕಿ ಜಳಕಾ ಮಾಡೂದು ನೋಡ್ಕೋತ ಕತಿ ಬರಿತಿಯೇನಲೇ?”

“ಹಂಗಾರ ಮ್ಯಾಲ ಒಂದು ಬೆಳಕಿಂಡಿ ಮಾಡ್ಸು.”

“ಇದ್ದ ಒಂದನ್ನ ಮುಚ್ಚಾಕ ಮಳ್ಯಾಗ ಯಾರು ಓಡ್ಯಾಡ್ತಾರ ಗೊತ್ತೈತಿ. ನೀ ಅಂತೂ ಒಂದಿನ ಓಡಿಲ್ಲ.”

ನೂರಸಾಬ ತೊಲೆಯನ್ನು ಕೋಲಿನಿಂದ ಬಡಿದು ಸದ್ದು ಕೇಳಿದ. “ಯಜಮಾನ್ರ ಮಾತು ಖರೆ. ತೊಲಿ ನಿಮ್ಮಜ್ಜನ ಕಾಲದವು. ಎರಡು ತೂತು ತಡಿಯಂಗಿಲ್ಲ. ಒಂದು ಮುಚ್ಚಿ ಒಂದು ತಗೀರಿ ಅಂದ್ರ ತಗೀತೀನಿ.”

ಮುಚ್ಚುವುದೆಂದರೆ ಯಾವುದನ್ನು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಗ ಪಡಸಾಲೆಯಿಂದ ಕಳಕಮ್ಮನ ದನಿ ಬಂತು.

“ಮುಚ್ಚಪಾ ನೂರಸಾಬ. ನಂದೇನು, ನನ್ನ ಕೈಗೇ ಕಣ್ಣು ಅದಾವ. ಬರಿಯೋ ಹುಡುಗಗ ಬೆಳಕು ಬೇಕು.”

ಅತ್ತೆ ಬೇಡ ಅನ್ನಬಹುದಿತ್ತು. ಅಂದಿದ್ದರೆ ಅಂದಪ್ಪ ಆ ಕ್ಷಣವೇ ಮಾತು ಮುಗಿಸುತ್ತಿದ್ದ. ಇದು ಕೊಟ್ರನಿಗೂ ಗೊತ್ತಿತ್ತು. ಆದರೂ ಅವನು, “ಭಾಳ ಛಲೋ ಆತು,” ಎಂದುಬಿಟ್ಟ.

ಮೂರು ದಿನದಲ್ಲಿ ಬೆಳಕು ಪಡಸಾಲೆಯಿಂದ ಕೋಣೆಗೆ ಬಂತು. ಚಿಮಣಿ ಎಣ್ಣೆ ಡಬ್ಬಿ ಬರುವ ಕಟ್ಟಿಗೆಯ ಪೆಟ್ಟಿಗೆ ನಾಲ್ಕನ್ನು ಕೊಪ್ಪಳದಿಂದ ತಂದು, ಎರಡೆರಡು ಜೋಡಿಸಿ, ಮೇಲೆ ಹಳೆಯ ಬಾಗಿಲಿನ ಹಲಗೆ ಇಟ್ಟು ಮೇಜು ಮಾಡಿದ. ಪಡುವಣ ಗೋಡೆಗೆ ಒತ್ತಿ ಇಟ್ಟ. ಬೆಳಗಿನ ಬಿಸಿಲು ಗೋಡೆಯಿಂದ ಇಳಿದು ಮೊದಲು ಮೇಜಿನ ಮೇಲೇ ಬರುತ್ತಿತ್ತು. ದೌತಿಯಲ್ಲಿ ಹೊಸ ಶಾಯಿ ಕಲಸಿದ, ಬರೆಯುವ ಟಾಕಿಗೆ ಹೊಸ ಮುಳ್ಳು ಹಾಕಿದ. ಗೋಡೆಯ ಗೂಡಿನಲ್ಲಿ ಪುಸ್ತಕ ಸಾಲಾಗಿ ನಿಲ್ಲಿಸಿ, ದೂರ ನಿಂತು ನೋಡಿ, ತಾನೇ ಒಂದು ಪುಸ್ತಕದೊಳಗೆ ಹೋದ ಹಾಗೆ ಹಿಗ್ಗಿದ.

ಮೊದಲ ದಿನ ಮೊದಲ ಸಾಲು ಬರೆದ. ಹಿಮ ಬೀಳುತ್ತಿತ್ತು ಎಂದು.

ಎರಡನೇ ಸಾಲು ಬರೆಯುವಷ್ಟರಲ್ಲಿ ಅವ್ವ ಮೊರ ಹಿಡಿದು ಒಳಗೆ ಬಂದಳು. “ಹೊರಗ ಜ್ವಾಳ ಯಾವುದು, ಹಳ್ಳು ಯಾವುದು ಕಾಣವಲ್ದು. ನೀ ಬರಿಯಪಾ, ನಾ ಸಪ್ಪಳ ಮಾಡಂಗಿಲ್ಲ.” ಮಾಡಲಿಲ್ಲ, ಆದರೆ ದುರುಗವ್ವನ ಸೊಸೆಯ ಸುದ್ದಿ ಪೂರ್ತಿ ಹೇಳಿದಳು. ಮರುದಿನ ಅಂದಪ್ಪ ಹಡಪದವನನ್ನು ಕರೆದುಕೊಂಡು ಬಂದು ಮೇಜಿನ ಪಕ್ಕದಲ್ಲೇ ಗಡ್ಡ ಮಾಡಿಸಿಕೊಂಡ. ದುರುಗವ್ವ ಮುಳ್ಳು ತುಳಿದ ಮೊಮ್ಮಗನನ್ನು ಎತ್ತಿಕೊಂಡು ಬಂದು, ಪಿನ್ನು ಕೇಳಿ, ಇಲ್ಲವೆಂದರೆ ಟಾಕಿನ ಮುಳ್ಳಾದರೂ ಕೊಡು ಎಂದಳು. ಬೆಕ್ಕು ಬಂದು ಬಿಲ್ಲೆಯ ನಡುವೆ, ಬರೆದ ಕಾಗದದ ಮೇಲೆ ಮಲಗಿತು. ಅಜ್ಜನ ಕಾಲದಿಂದ ಬೆಳಕಿನ ಸುತ್ತ ಬದುಕಿದ ಮನೆ ಬೆಳಕು ಹೋದಲ್ಲಿಗೆ ಹೋಗದೆ ಎಲ್ಲಿಗೆ ಹೋದೀತು! ಬಾಗಿಲು ಹಾಕಿಕೊಳ್ಳೋಣವೆಂದರೆ ಆ ಕೋಣೆಗೆ ಬಾಗಿಲೇ ಇರಲಿಲ್ಲ. ಅದರ ಹಲಗೆಯೇ ಈಗ ಮೇಜಾಗಿತ್ತು.

ಬಾರದವಳು ಒಬ್ಬಳೇ.

ಇದು ಅವನ ಗಮನಕ್ಕೆ ಬರಲು ಹದಿನೈದು ದಿನ ಬೇಕಾಯಿತು. ನೀರು ಕುಡಿಯಲು ಎದ್ದವನು ಪಡಸಾಲೆಯ ಕತ್ತಲಲ್ಲಿ ಅತ್ತೆಯ ಕಾಲು ಎಡವಿದ. ಬೀಸುವ ಕಲ್ಲಿನ ಹತ್ತಿರ, ಬಿಸಿಲು ಬೀಳುತ್ತಿದ್ದ ಹಳೆಯ ಜಾಗದಲ್ಲೇ ಕೂತಿದ್ದಳು. ಮಡಿಲಲ್ಲಿ ತೊಟ್ಟಿಲ ಕೌದಿ. ಯಲಬುರ್ಗಾದಲ್ಲಿ ಕೊಟ್ರನ ಅಕ್ಕ ಶೇಖರಮ್ಮನಿಗೆ ಎರಡನೆಯ ಹೆರಿಗೆಯ ದಿನ ಹತ್ತಿರ ಬಂದಿತ್ತು. ತವರಿನ ಕೌದಿ ಹೋಗದೆ ಅಲ್ಲಿ ತೊಟ್ಟಿಲು ತೂಗುವ ಹಾಗಿರಲಿಲ್ಲ.

“ಇಲ್ಲಿ ಏನು ಕಾಣ್ತದತ್ತಿ? ಒಳಗ ಬಾ.”

“ಬ್ಯಾಡಪಾ. ನನ್ನ ಬಾಯಿ ಸುಮ್ನಿರಂಗಿಲ್ಲ. ನಿನ್ನ ಬರಿಯೂದು ಕೆಡತೈತಿ.”

ಕೌದಿಯನ್ನು ಅವನು ಬಾಗಿಲ ಬೆಳಕಿಗೆ ಎತ್ತಿಕೊಂಡು ಹೋದ. ನಡುಭಾಗದ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಕೆಲವು ಕಡೆ ಹೊಲಿಗೆಯೇ ಬಿಟ್ಟುಹೋಗಿತ್ತು. ಅವನದೇ ಸಾಲೆಯ ಬಿಳಿ ಅಂಗಿಯ ತುಂಡಿನ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ. ಅವನು ತಿರುಗಿ ಅತ್ತೆಯ ಕೈ ನೋಡಿದ. ಅವಳು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಕೈಗೇ ಕಣ್ಣು ಅದಾವ ಅಂದಿದ್ದಿ.”

“ಅದಾವ. ಅವಕ್ಕೂ ವಯಸ್ಸಾತು,” ಎಂದು ನಕ್ಕಳು.

ತಪ್ಪಾಯಿತು ಎನ್ನುವ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಅಂದದ್ದಿಲ್ಲ. ಒಳಗೆ ಹೋಗಿ, ಬರೆದಿದ್ದ ಹನ್ನೊಂದು ಪುಟ ತಂದು, ಕೋಣೆಯ ಹೊಸ್ತಿಲ ಮೇಲೆ ಕೂತು, ಅರ್ಧ ಬೆಳಕಿನಲ್ಲಿ ಗಟ್ಟಿಯಾಗಿ ಓದತೊಡಗಿದ. ದೂರದ ಒಂದು ಪಟ್ಟಣ. ಹಿಮ. ಕಿಟಕಿಯ ಬಳಿ ಕೂತ ಒಬ್ಬ ಮುದುಕಿ, ಕೈಯಲ್ಲಿ ಸೂಜಿ. ಮುದುಕಿ ಬದುಕಿನ ಬಗ್ಗೆ ಆಲೋಚಿಸುತ್ತಾಳೆ, ಪುಟಗಟ್ಟಲೆ ಆಲೋಚಿಸುತ್ತಾಳೆ.

ಓದಿ ಮುಗಿಸಿ ಕಾದ.

“ಕೇಳತ್ತಿ ಏನರ. ನೀನೂ ಸುಮ್ನಾದ್ರ ನಾ ಯಾರಿಗೆ ಓದಲಿ?”

“ಕೇಳಲೇನು ಖರೇನ?” ಅತ್ತೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. “ಅಕಿ ಹೊಲಿಯೂದು ಯಾರಿಗೆ?”

ಕೊಟ್ರ ಪುಟ ತಿರುವಿದ. ಹನ್ನೊಂದು ಪುಟದಲ್ಲಿ ಎಲ್ಲಿಯೂ ಅದು ಇರಲಿಲ್ಲ. ಮುದುಕಿಯ ಕೈಗೆ ಸೂಜಿ ಕೊಟ್ಟವನು ಅವಳು ಏನು ಹೊಲಿಯುತ್ತಾಳೆಂದೂ ಕೇಳಿರಲಿಲ್ಲ.

“ಗೊತ್ತಿಲ್ಲತ್ತಿ.”

“ಮತ್ತ ಅಷ್ಟು ಥಂಡ್ಯಾಗ ಕಿಡಕಿ ಮುಂದ ಯಾಕ ಕುಂತಾಳ? ಒಲಿ ಮುಂದ ಕುಂದ್ರಬಾರದೇನು? ಕುಂತಾಳಂದ್ರ ಅಕಿಗೆ ಬೆಳಕು ಬೇಕು. ಬೆಳಕು ಬೇಕಂದ್ರ ಹೊಲಿಯೂದು ಅವಸರದ್ದು ಐತಿ. ಯಾವುದೋ ಕೂಸು ಬರೂದೈತಿ ಅಲ್ಲಿ. ನೀ ಅದನ್ನ ಹೇಳವಲ್ಲಿ, ಬರೇ ಹಿಮ ಹಿಮ ಅಂತಿ.”

ಅವನು ಎದ್ದು ಕೌದಿ, ದಾರದ ಉಂಡೆ, ಅತ್ತೆಯ ಗೋಣಿತಟ್ಟು ಮೂರನ್ನೂ ಎತ್ತಿಕೊಂಡು ಒಳಗೆ ನಡೆದ. ಕೂಡುವ ತಟ್ಟೇ ಹೋದ ಮೇಲೆ ಅವಳು ಬೈಯುತ್ತಾ ಹಿಂದೆ ಬರಲೇಬೇಕಾಯಿತು. ಮೇಜಿನ ಮುಂದೆ, ಕೋಣೆಯ ನಡುವೆ ತಟ್ಟು ಹಾಸಿದ. ಬೆಳಿಗ್ಗೆ ಬಿಲ್ಲೆ ಮೇಜಿನ ಮೇಲೆ ಇರುವಷ್ಟು ಹೊತ್ತು ಅವನು ಬರೆಯುವುದು. ಅದು ಅಂಚು ದಾಟಿ ನೆಲಕ್ಕೆ ಇಳಿದ ಕೂಡಲೆ ಟಾಕು ಇಟ್ಟು ಬರೆದದ್ದನ್ನು ಓದುವುದು, ಅವಳು ಹೊಲಿಯುವುದು. ಅವ್ವನ ಮೊರ, ಅಪ್ಪನ ಗಡ್ಡ, ದುರುಗವ್ವನ ಸುದ್ದಿ ಯಾವುದೂ ನಿಲ್ಲಲಿಲ್ಲ. ಹಿಮ ಮಾತ್ರ ನಿಂತಿತು. ಆ ಪಟ್ಟಣ ಕರಗಿ, ಆಷಾಢದ ಗಾಳಿಯಲ್ಲಿ ಯಲಬುರ್ಗಾದ ದಾರಿಯ ಮೇಲೆ ಒಂದು ಗಾಡಿ ಹೊರಟಿತು. ಅದರಲ್ಲಿ ಮುದುಕಿ, ಅವಳ ಮಡಿಲಲ್ಲಿ ಮುಗಿಯದ ಕೌದಿ.

ನಡುಭಾಗದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕೆಂದು ಅತ್ತೆಗೆ ಬಹಳ ಆಸೆ ಇತ್ತು. “ಬೀಗರು ನೋಡಿದ್ರ ಏನಂದಾರು? ಕಳಕಮ್ಮನ ಕೈ ಹೋತು ಅಂದಾರು,” ಎನ್ನುತ್ತಿದ್ದಳು. ಆದರೆ ಕೂಸು ಹತ್ತು ದಿನ ಮುಂಚೆಯೇ ಬಂತು. ಬಿಚ್ಚಲು ಸಮಯವಾಗದೆ ಕೌದಿ ಹಾಗೆಯೇ ಗಾಡಿ ಹತ್ತಿತು. ಕಥೆಯೂ ಅದೇ ವಾರ ಟಪಾಲಿಗೆ ಬಿತ್ತು. ಅದು ಅಚ್ಚಾಗಿ ಬಂದಾಗ ಅತ್ತೆ ಪತ್ರಿಕೆಯನ್ನು ತಿರುವಿ, ಹಿಂಬದಿ ನೋಡಿ, ಕೈಯಾಡಿಸಿ, “ಗಂಟು ಕಾಣವಲ್ದು, ಛಲೋ ಹೊಲ್ದಿ,” ಎಂದಿದ್ದಳು.

ಅತ್ತೆ ನಲವತ್ತೈದನೇ ಇಸವಿಯಲ್ಲಿ ತೀರಿಕೊಂಡಳು. ಕೂಸು ದೊಡ್ಡದಾದ ಮೇಲೆ ಶೇಖರಮ್ಮ ಕೌದಿಯನ್ನು ಒಗೆದು ತಂದು, “ಇದು ನಿನ್ನ ಹತ್ರನ ಇರಲಿ,” ಎಂದು ತಮ್ಮನ ಕೈಗೆ ಕೊಟ್ಟಿದ್ದಳು.

ಗದಗಿನ ಕೋಣೆಯಲ್ಲಿ ಮಧ್ಯಾಹ್ನವಾಗಿತ್ತು. ದೊಡ್ಡ ಕಿಟಕಿಯಿಂದ ಬಂದ ಬೆಳಕು ಮೇಜು, ನೆಲ, ಗೋಡೆ ಎನ್ನದೆ ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು. ಎಲ್ಲಿಂದ ಎಲ್ಲಿಗೂ ಸರಿಯುತ್ತಿರಲಿಲ್ಲ. ಕೊಟ್ರಬಸಪ್ಪ ಎದ್ದು ಕಿಟಕಿಯ ಒಂದು ಬಾಗಿಲು ಮುಚ್ಚಿದ. ಇನ್ನೊಂದನ್ನೂ ಅರ್ಧಕ್ಕೆ ಎಳೆದ. ಮೇಜಿನ ಅಂಚಿನ ಕೆಳಗೆ, ನೆಲದ ಮೇಲೆ, ಬೆಳಕಿನ ಒಂದು ಪಟ್ಟಿ ಉಳಿಯಿತು. ಕೌದಿಯನ್ನು ಕುರ್ಚಿಯಿಂದ ತೆಗೆದು ಅದರ ಮೇಲೆ ಹಾಸಿದ, ಬರೆದ ನಾಲ್ಕು ಸಾಲನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದ. ಓದಿ ಮುಗಿದ ಮೇಲೆ, ಕೌದಿಯ ಕಡೆ ನೋಡುತ್ತಾ, ಕೇಳುವವರು “ಆಮ್ಯಾಲೆ?” ಅನ್ನಲಿ ಎಂದು ಕಾದ.