ಮೂರು ನಿಂಬೆಹಣ್ಣು

ಕೆಂಚೇಶನಿಗೆ ಎಡಗಣ್ಣು ಇರಲಿಲ್ಲ. ಒಂಬತ್ತನೇ ವರ್ಷದಲ್ಲಿ ಕುರಿಗೆ ಸೊಪ್ಪು ಕೆಡವುವಾಗ ಜಾಲಿಮುಳ್ಳು ನೆಟ್ಟಿತು. ಅವ್ವ ಬೊಮ್ಮಕ್ಕ ಮೂರು ದಿನ ಬಾಣಂತಿಯರ ಎದೆಹಾಲು ಬಿಡಿಸಿದಳು. ನಾಲ್ಕನೇ ದಿನ ದಾವಣಗೆರೆಯಲ್ಲಿ ಕಣ್ಣು ತೆಗೆದರು. ಅವತ್ತಿನಿಂದ ಅವಳದು ಒಂದೇ ಮಾತು.

"ಇರೋದು ಒಂದೈತೆ. ಜಗಳ ಬಂದ್ರೆ ಮೊದ್ಲು ಅದನ್ನ ಮುಚ್ಕೋ. ಹಲ್ಲು ಹೋದ್ರೆ ಹೋಗ್ಲಿ, ಕೈ ಮುರಿದ್ರೆ ಮುರೀಲಿ."

ಕೆಂಚೇಶ ಹಾಗೇ ಬೆಳೆದ. ಶಾಲೆಯಲ್ಲಿ ಒಕ್ಕಣ್ಣ ಅಂದವರಿಗೆ ಅವನು ತಿರುಗಿ ಹೊಡೆದದ್ದಿಲ್ಲ. ಎರಡೂ ಅಂಗೈಯನ್ನು ಬಲಗಣ್ಣಿಗೆ ಒತ್ತಿ, ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಡುತ್ತಿದ್ದ. ಹೊಡೆಯುವವರಿಗೆ ಬೇಸರ ಬಂದು ಹೋದ ಮೇಲೆ ಏಳುತ್ತಿದ್ದ.

ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಅವನಿಗೆ ಸಹಾಯಕನ ಕೆಲಸ ಕೊಡಿಸಿದವರು ನಾಗೇಂದ್ರಪ್ಪ ಮೇಷ್ಟ್ರು. ಹೊನ್ನಾಳಿಯವರು; ಈಗ ಅವರ ನಿವೃತ್ತಿಗೆ ಐದು ತಿಂಗಳು ಬಾಕಿ ಇತ್ತು. ಸಂದರ್ಶನದಲ್ಲಿ ಉಳಿದವರು ಕೆಂಚೇಶನ ಮುಖ ನೋಡಿ ಸುಮ್ಮನಾದಾಗ ಅವರು ಹೇಳಿದ್ದರು: "ಟೆಲಿಸ್ಕೋಪಿಗೆ ಒಂದು ಕಣ್ಣು ಸಾಕಲ್ರೀ. ಎರಡಿರೋ ನಾವೇ ಒಂದನ್ನ ಮುಚ್ಕೊಂಡು ಒದ್ದಾಡ್ತೀವಿ."

ತಿಂಗಳಿಗೊಮ್ಮೆ ವೀಕ್ಷಣಾಲಯದಿಂದ ಊರ ಜನಕ್ಕೆ ಆಕಾಶ ತೋರಿಸುವ ಕಾರ್ಯಕ್ರಮ ಇರುತ್ತಿತ್ತು. ಕ್ಯಾಂಪಸ್ಸಿನ ಸುತ್ತ ಬೀದಿದೀಪ ಹೆಚ್ಚಾದ ಮೇಲೆ ಗುಮ್ಮಟದ ಕೆಳಗಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಡಿಸೆಂಬರಿನ ಅಮಾವಾಸ್ಯೆಗೆ ಸಣ್ಣ ಟೆಲಿಸ್ಕೋಪನ್ನು ಜಗಳೂರಿನ ಆಚೆ ಕಾಟಪ್ಪನಹಟ್ಟಿಯ ಗುಡ್ಡಕ್ಕೆ ಒಯ್ಯುವುದೆಂದು ಮೇಷ್ಟ್ರು ನಿರ್ಧರಿಸಿದರು. ಕೆಳಗಿನ ಹಟ್ಟಿಯೊಂದು ಬಿಟ್ಟರೆ ಆ ಗುಡ್ಡದ ಸುತ್ತ ಗಾವುದ ದೂರ ದೀಪವಿಲ್ಲ.

"ಕೆಂಚೇಶ, ನೀನು ಆ ಕಡೆಯವನೇ. ಹೋಗಿ ಹಟ್ಟಿಯವರಿಗೆ ಹೇಳಿ ಬಾ. ಅವರೂ ಬರ್ಲಿ, ನೋಡ್ಲಿ."

ಕೆಂಚೇಶ ಬೈಕಿನಲ್ಲಿ ಹಟ್ಟಿಯ ಬಾಗಿಲವರೆಗೆ ಹೋದ. ಬೇವಿನ ಕಟ್ಟೆಯ ಮೇಲೆ ಹತ್ತು ಗಂಡಸರು ಕೂತಿದ್ದರು. ಮಾತಿಲ್ಲ, ಎಲೆಅಡಿಕೆಯಿಲ್ಲ. ಒಬ್ಬನ ಅಂಗೈಯಲ್ಲಿ ಒಂದು ಕಲ್ಲು ಮೇಲೆ ಕೆಳಗೆ ಆಡುತ್ತಿತ್ತು. ಅವನು ಕೆಂಚೇಶನ ಮುಖವನ್ನೇ ನೋಡುತ್ತಿದ್ದ. ಕೆಂಚೇಶ ಆ ಕಲ್ಲನ್ನು ನೋಡಿದ, ಬೈಕು ತಿರುಗಿಸಿದ. ಮೇಷ್ಟ್ರಿಗೆ ಫೋನಿನಲ್ಲಿ "ಹೇಳಿದೀನಿ ಸಾರ್" ಅಂದ.

ಅವರು ಯಾಕೆ ಹಾಗೆ ಕೂತಿದ್ದರು ಅನ್ನುವುದು ಅವನಿಗೆ ಆಮೇಲೆ ತಿಳಿಯಿತು. ಹಿಂದಿನ ಅಮಾವಾಸ್ಯೆಯ ರಾತ್ರಿ ನಿಧಿಗಳ್ಳರು ಬಂದು ಗುಡ್ಡದ ಬಸವಣ್ಣನನ್ನು ಎರಡು ಹೋಳು ಮಾಡಿ ಅಡಿಪಾಯ ಅಗೆದಿದ್ದರು. ತಡೆಯಲು ಹೋದ ಸಣ್ಣತಿಮ್ಮಪ್ಪನ ತಮ್ಮನ ತಲೆಗೆ ಹಾರೆಯಿಂದ ಹೊಡೆದಿದ್ದರು. ಅವನು ಆಸ್ಪತ್ರೆ ತಲುಪಲಿಲ್ಲ. ಕಲ್ಲು ಆಡಿಸುತ್ತಿದ್ದವನೇ ಸಣ್ಣತಿಮ್ಮಪ್ಪ.

ಅಮಾವಾಸ್ಯೆಯ ಸಂಜೆ ಕೆಂಚೇಶ ಮೊದಲೇ ಗುಡ್ಡ ಹತ್ತಿ ಕೆಲಸ ಶುರುಮಾಡಿದ. ನೆತ್ತಿಯ ನೆಲ ಓರೆ. ಟೆಲಿಸ್ಕೋಪಿನ ಮುಕ್ಕಾಲಿ ಸಮನಾಗಿ ನಿಲ್ಲಲೆಂದು ಹಾರೆಯಿಂದ ಗೇಣುದ್ದದ ಮೂರು ಗುಂಡಿ ತೋಡಿದ. ಕಾಲುಗಳನ್ನು ಇಳಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ, ಒಂದೊಂದರ ಬುಡಕ್ಕೂ ಕೊಯ್ದ ನಿಂಬೆಹಣ್ಣು ಇಟ್ಟ. ಹೊಸ ಟ್ರ್ಯಾಕ್ಟರಿಗೆ ಮಾಡುವ ಪೂಜೆಯನ್ನೇ ಅವನು ಪ್ರತಿಸಲ ಟೆಲಿಸ್ಕೋಪಿಗೂ ಮಾಡುತ್ತಿದ್ದ.

ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿ ಬಂದು ನೋಡಿದರು. "ಶನಿಗ್ರಹ ನೋಡಾಕೆ ನಿಂಬೆಹಣ್ಣು ಬೇಕೇನೋ?"

"ಶನಿಯಲ್ವಾ ಸಾರ್. ಅದಕ್ಕೇ."

ಟೆಂಪೋ ಓಡಿಸುವ ಓಂಕಾರ, ನ್ಯಾಮತಿ-ಸವಳಂಗದ ಕಡೆಯಿಂದ ಹದಿನಾಲ್ಕು ಜನರನ್ನು ತಂದಿಳಿಸಿದ. ಕೆಂಚೇಶ ಅವರಿಗೆ ಮೊಬೈಲು ಆರಿಸಲು ಹೇಳಿದ. ಬಿಳಿ ಬೆಳಕು ಬಿದ್ದರೆ ಕತ್ತಲಿಗೆ ಹದವಾದ ಕಣ್ಣು ಕೆಡುತ್ತದೆ. ಅದಕ್ಕೆ ಬ್ಯಾಟರಿಗಳಿಗೆಲ್ಲ ಕೆಂಪು ಹಾಳೆ ಸುತ್ತಿದ್ದ. ಏಳು ಗಂಟೆಗೆ ಗುಡ್ಡದ ಮೇಲೆ ಕೆಂಪು ಚುಕ್ಕೆಗಳು ಓಡಾಡತೊಡಗಿದವು. ಕೆಳಗೆ ಹಟ್ಟಿಯಲ್ಲಿ ನಾಯಿಗಳು ಬೊಗಳಿದವು.

"ಏಳೂವರೆ ವರ್ಷ ಕಾಟ ಕೊಟ್ಟಾನ್ರೀ," ಸವಳಂಗದ ಮುದುಕರೊಬ್ಬರು ಸಾಲಿನಲ್ಲಿ ಅಂದರು, "ಮುಖನಾದ್ರೂ ನೋಡ್ಕೊಂಡು ಹೋಗ್ತೀನಿ." ಎಲ್ಲರೂ ನಕ್ಕರು.

ಗೋವಿನಕೋವಿಯ ಅನ್ನಪೂರ್ಣಳ ಮಗಳು ಚೌಡೇಶ್ವರಿ, ನಾಲ್ಕನೇ ಕ್ಲಾಸು. ಕನ್ನಡಿ ಟೆಲಿಸ್ಕೋಪಾದ್ದರಿಂದ ಕಣ್ಣಿಡುವ ಗಾಜು ಕೊಳವೆಯ ಮೇಲ್ತುದಿಯ ಪಕ್ಕದಲ್ಲಿತ್ತು; ಅವಳಿಗೆ ಎಟುಕಲಿಲ್ಲ. ಕೆಂಚೇಶ ಸ್ಟೂಲಿನ ಮೇಲೆ ಹತ್ತಿಸಿ, ಬೀಳದ ಹಾಗೆ ಹಿಂದಿನಿಂದ ಎರಡೂ ಭುಜ ಹಿಡಿದ.

"ಉಂಗುರ ಎಲ್ಲೈತಣ್ಣ? ಬರೀ ಗೀಟು ಐತೆ."

"ಈ ವರ್ಷ ಅಂಚು ನಮ್ಮ ಕಡೆ ತಿರುಗೈತೆ. ರೊಟ್ಟೀನ ಪಕ್ಕದಿಂದ ನೋಡಿದ್ರೆ ಹೆಂಗೆ ಕಾಣ್ತೈತೆ? ಹಂಗೆ."

"ತೆಳ್ಳಗೆ ತಟ್ಟಿದಾರೆ," ಅಂದಳು ಹುಡುಗಿ, ಗಾಜಿನಿಂದ ಕಣ್ಣು ತೆಗೆಯದೆ.

ಆಗ ಬಿಳಿ ಬೆಳಕು ಬಿತ್ತು. ಮೂವತ್ತು ಜನ ಸದ್ದಿಲ್ಲದೆ ಹತ್ತಿ ಬಂದಿದ್ದರು. ದೊಣ್ಣೆ, ಕುಡುಗೋಲು, ಕಲ್ಲು.

"ಬಿಳಿ ಲೈಟ್ ಆರಿಸ್ರೀ," ಅಂದ ಕೆಂಚೇಶ, ಅಭ್ಯಾಸಬಲದಿಂದ.

"ಯಾಕಪ್ಪ? ಬೆಳಕು ಬಂದ್ರೆ ಪೂಜೆ ಕೆಡ್ತೈತೇನು?" ಸಣ್ಣತಿಮ್ಮಪ್ಪ ಬ್ಯಾಟರಿಯನ್ನು ನಿಧಾನ ಆಡಿಸಿದ. ಹಾರೆ. ಹಸಿಮಣ್ಣಿನ ಮೂರು ಗುಂಡಿ. ಕುಂಕುಮ. ನಿಂಬೆಹಣ್ಣು. ಬೆಳಕು ಮೇಲೇರಿ ಹುಡುಗಿಯ ಮೇಲೆ, ಅವಳ ಭುಜದ ಮೇಲಿನ ಕೈಗಳ ಮೇಲೆ ನಿಂತಿತು. "ಈ ಮಗು ಯಾರ್ದು?"

"ನಂದಣ್ಣ," ಅಂದಳು ಅನ್ನಪೂರ್ಣ, ಮುಂದೆ ಬಂದು.

"ಎಷ್ಟನೇದು?"

ಯಾಕೆ ಕೇಳುತ್ತಿದ್ದಾನೆಂದು ಅವಳಿಗೆ ಹೊಳೆಯಲಿಲ್ಲ. "ಹಿರೇದು. ಇದರ ಹಿಂದೆ ಒಬ್ಬ ಇದಾನೆ."

ಗುಂಪಿನಲ್ಲಿ ಯಾರೋ ಥೂ ಎಂದು ಉಗಿದ. ನಿಧಿ ಎದ್ದು ಬರಲು ಚೊಚ್ಚಲ ಮಗುವಿನ ಬಲಿ ಕೇಳುತ್ತದೆ ಅನ್ನುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. "ತಾಯಿನೇ ಕರ್ಕೊಂಡು ಬಂದವ್ಳೆ ನೋಡ್ರೋ," ಇನ್ನೊಬ್ಬ ಅಂದ.

ನಾಗೇಂದ್ರಪ್ಪ ಮೇಷ್ಟ್ರು ಸಣ್ಣತಿಮ್ಮಪ್ಪನಿಗೂ ಅನ್ನಪೂರ್ಣಳಿಗೂ ನಡುವೆ ಬಂದು ನಿಂತರು. "ನೋಡ್ರಪ್ಪಾ, ನಾವು ಯೂನಿವರ್ಸಿಟಿಯವರು. ಆಕಾಶ ತೋರ್ಸಾಕೆ ಬಂದಿದೀವಿ. ನಿಮ್ಮ ಹಟ್ಟಿಗೆ ಮೂರು ದಿನದ ಹಿಂದೇನೇ ಹೇಳಿ ಕಳ್ಸಿದ್ದೆ. ಇವನೇ ಬಂದಿದ್ದ. ಕೇಳ್ರಿ."

ಬೆಳಕು ಕೆಂಚೇಶನ ಮುಖಕ್ಕೆ ಬಂತು. ಸಣ್ಣತಿಮ್ಮಪ್ಪ ಗುರುತು ಹಿಡಿದ.

"ಇವ್ನಾ? ಬಂದಿದ್ದ, ಬಂದಿದ್ದ. ನಮ್ಮನ್ನ ನೋಡಿ ಗಾಡಿ ತಿರುಗಿಸ್ಕೊಂಡು ಓಡ್ದ." ಹತ್ತಿರ ಬಂದ. "ಯಾರಿಗೆ ಹೇಳ್ದೆ? ಹೆಸರು ಹೇಳು. ಒಂದು ಹೆಸರು ಹೇಳು, ಇಳ್ಕೊಂಡು ಹೋಗ್ತೀವಿ."

ಕೆಂಚೇಶ ಬಾಯಿ ತೆರೆದ. ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಬಾಯಿಗೆ ಯಾವ ಹೆಸರೂ ಬರಲಿಲ್ಲ.

"ಕೆಂಚೇಶಾ," ಅಂದರು ಮೇಷ್ಟ್ರು, ಮೆಲ್ಲಗೆ.

ಮೊದಲ ಕಲ್ಲು ಅವನ ಕಿವಿಯ ಪಕ್ಕದಲ್ಲಿ ಹಾದು ಹೋಯಿತು. ಹುಡುಗಿ ಬೆಳಕಿಗೆ ಹೆದರಿ ಕೊಳವೆಯನ್ನು ತಬ್ಬಿ, ಮುಖವನ್ನು ಗಾಜಿಗೇ ಒತ್ತಿ ನಿಂತಿದ್ದಳು. ದೊಣ್ಣೆ ಎತ್ತಿದವನು ಯಂತ್ರಕ್ಕೆ ಗುರಿಯಿಟ್ಟಿದ್ದ. ಅದು ಕೆಂಚೇಶನಿಗೆ ಸ್ಪಷ್ಟವಾಗಿ ಕಂಡಿತು. ಕೊಳವೆಗೆ ಏಟು ಬಿದ್ದರೆ ಯಾವ ತುದಿ ಯಾವ ಕಡೆ ತಿರುಗುತ್ತದೆ ಅನ್ನುವುದು ಅವನಷ್ಟು ಚೆನ್ನಾಗಿ ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯನ್ನು ಹಿಂದಕ್ಕೆ ಎಳೆದುಕೊಂಡಿದ್ದರೆ ಸಾಕಿತ್ತು. ಕೈಗಳು ಅವಳ ಭುಜದ ಮೇಲೇ ಇದ್ದವು.

ಎರಡನೇ ಕಲ್ಲು ಬಂತು. ಅವನು ಎರಡೂ ಕೈ ತೆಗೆದು ಬಲಗಣ್ಣಿಗೆ ಒತ್ತಿಕೊಂಡು ಕುಕ್ಕರಿಸಿದ.

ಆಮೇಲಿನದೆಲ್ಲ ಅವನಿಗೆ ಬರೀ ಸದ್ದು. ತಗಡಿಗೆ ದೊಣ್ಣೆ ಬಡಿದದ್ದು. ಹುಡುಗಿ ಒಂದೇ ಸಲ ಕೂಗಿದ್ದು. ಕನ್ನಡಿ ಕಲ್ಲಿನ ಮೇಲೆ ಬಿದ್ದು ಚೂರಾದದ್ದು. "ಮಗು ಎತ್ಕೊಳ್ರೋ, ಮಗು ಉಳಿಸ್ರೋ" ಎಂದು ಸಣ್ಣತಿಮ್ಮಪ್ಪ ಅಬ್ಬರಿಸಿದ್ದು. ಕೆಂಚೇಶನ ಬೆನ್ನಿಗೆ, ಪಕ್ಕೆಗೆ, ಬೆರಳ ಗೆಣ್ಣಿಗೆ ಏಟು ಬಿದ್ದವು. ಅವನು ಕೈ ಸಡಿಲಿಸಲಿಲ್ಲ. ಅಂಗೈಯೊಳಗಿನ ಕತ್ತಲಲ್ಲಿ ಕಣ್ಣು ಬೆಚ್ಚಗೆ ಮಿಸುಕುತ್ತಿತ್ತು.

ಮೇಷ್ಟ್ರು ಎಲ್ಲೋ ಎರಡು ಮಾರು ದೂರದಲ್ಲಿ ಬಿದ್ದಿದ್ದರು. ಹಸಿ ಚರ್ಮಕ್ಕೆ ಕೋಲು ಬಿದ್ದ ಹಾಗೆ ಏಟಿನ ಸದ್ದು ಬರುತ್ತಿತ್ತು. "ಕೆಂಚೇಶ, ಕೈ ಕೊಡೋ," ಅಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, "ಕೈ ಕೊಡೋ." ಅವನಿಗೆ ಎರಡು ಸಲವೂ ಕೇಳಿಸಿತು. ಮೂರನೇ ಸಲ ಅವರು ಕರೆಯಲಿಲ್ಲ.

ಯಾರೋ ಮೇಷ್ಟ್ರ ಜೇಬಿನಿಂದ ಗುರುತಿನ ಚೀಟಿ ತೆಗೆದು ಗಟ್ಟಿಯಾಗಿ ಓದಿದ. ಏಟು ನಿಂತವು. ಅವರು ಬಂದ ಹಾಗೆಯೇ ಸದ್ದಿಲ್ಲದೆ ಇಳಿದು ಹೋದರು. ಕೆಳಗೆ ಟೆಂಪೋ ಉರಿಯುತ್ತಿತ್ತು.

ಕೆಂಚೇಶ ಕೈ ತೆಗೆದ. ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಸಣ್ಣತಿಮ್ಮಪ್ಪ ಮಾತ್ರ ಹೋಗಿರಲಿಲ್ಲ. ಹುಡುಗಿಯನ್ನು ತನ್ನ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಕಂಬಳಿ ತೊಯ್ದಿತ್ತು. "ಉಳಿಸ್ದೆ ಕಣಮ್ಮ," ಎಂದು ಅನ್ನಪೂರ್ಣಳಿಗೆ ಹೇಳುತ್ತಲೇ ಇದ್ದ. ಅವಳು ಅವನ ಮುಖಕ್ಕೆ, ಎದೆಗೆ ಗುದ್ದುತ್ತಿದ್ದಳು. ಅವನು ತಡೆಯಲಿಲ್ಲ.

ಬೆಳಿಗ್ಗೆ ಪೊಲೀಸರು ಕೆಂಚೇಶನನ್ನು ಮಹಜರಿಗೆಂದು ಮತ್ತೆ ಗುಡ್ಡ ಹತ್ತಿಸಿದರು. ನಿಂಬೆಹಣ್ಣು ಮೂರೂ ಇಟ್ಟಲ್ಲೇ ಇದ್ದವು. ಹೆಡ್ ಕಾನ್‌ಸ್ಟೇಬಲ್ ಬಂಡೆಯ ಮೇಲೆ ಕೂತು ಹಾಳೆ ಬಿಚ್ಚಿದ.

"ಏನೇನು ಹೋಗೈತೆ, ಒಂದೊಂದೇ ಹೇಳು."

ಕೆಂಚೇಶ ಹೇಳಿದ. ಟೆಲಿಸ್ಕೋಪು ಒಂದು. ಟೆಂಪೋ ಒಂದು. ಓಂಕಾರನ ಹಲ್ಲು ನಾಲ್ಕು. ನಾಗೇಂದ್ರಪ್ಪ ಮೇಷ್ಟ್ರು. ಚೌಡೇಶ್ವರಿಯ ಕಣ್ಣು ಒಂದು.